ಒಂಬತ್ತನೇ ನಂಬರಿನ ಹೊಲಿಗೆ

ಪ್ರೀತಿಯ ಲಿಂಡ್ಸೆ,

ನೀನು ತೀರಿಕೊಂಡು ಹನ್ನೊಂದು ವರ್ಷವಾದರೂ ನಿನಗೆ ಫುಟ್ಬಾಲ್ ಸುದ್ದಿ ಹೇಳದಿದ್ದರೆ ಈ ಅಕ್ಕನಿಗೆ ಸಮಾಧಾನವಿಲ್ಲ ಕಣೋ. ನಮ್ಮ ಟೀಮಿನ ಒಂಬತ್ತನೇ ನಂಬರಿನವನು ರೇಡಿಯೊದಲ್ಲಿ, ಗಂಡಸರನ್ನು ಪ್ರೀತಿಸುವ ಗಂಡಸರನ್ನು ಕಂಡರೆ ಅಸಹ್ಯ ಅಂದುಬಿಟ್ಟ. ಶನಿವಾರ ಮ್ಯಾಚಿಗೆ ಮುಂಚೆ, ಮೆಲ್ಬರ್ನ್ ಮೈದಾನದ ಗೇಟಿನಲ್ಲಿ ನಾನು ಅಭಿಮಾನಿಗಳ ಜೆರ್ಸಿಗೆ ಅವರ ಮೆಚ್ಚಿನ ಆಟಗಾರನ ನಂಬರ್ ಹೊಲಿಯುವ ಮೇಜಿನ ಮುಂದೆ ದೊಡ್ಡ ಸಾಲು. ಎಲ್ಲರದೂ ಒಂದೇ ಮಾತು: "ಈ ಒಂಬತ್ತನ್ನ ಬಿಚ್ಚಿಕೊಡು ನೊರೀನ್!" ಒಬ್ಬ ಮಾತ್ರ, "ಅವನು ಹೇಳಿದ್ರಲ್ಲಿ ತಪ್ಪೇನು?" ಅಂತ ಗೊಣಗಿದ. ಹಿಂದಿದ್ದ ಹೆಂಗಸು, "ಹಾಗಾದ್ರೆ ಇಲ್ಲಿ ಯಾಕಪ್ಪಾ ನಿಂತೆ? ಸಾಸೇಜಿನ ಸಾಲು ಅಲ್ಲಿದೆ," ಅಂದಳು.

ಕೊನೆಗೆ ಬಂದವನು ಮರ್ವ್. ನೀನು ಊರ ಟೀಮಿನಲ್ಲಿ ಆಡುವಾಗ ಬೇಲಿಯಾಚೆಯಿಂದ, ಗಂಡಸರನ್ನು ಪ್ರೀತಿಸುವವನು ಅಂತ ನಿನ್ನನ್ನು ಹೀಯಾಳಿಸುತ್ತಿದ್ದನಲ್ಲ, ಅವನೇ. "ಲಿಂಡ್ಸೆ ನಂಬರ್ ಎಷ್ಟಿತ್ತು? ಅದನ್ನೇ ಹಾಕು," ಅಂದ. ಒಂಬತ್ತು ಬಿಚ್ಚಿ ನಿನ್ನ ಹದಿನೇಳು ಹೊಲಿದೆ. ಹಳೇ ನಂಬರಿನಡಿ ಬಿಸಿಲು ತಾಗದೆ ಬಣ್ಣ ಮಾಸದ ಬಟ್ಟೆಯಲ್ಲಿ ಒಂಬತ್ತರ ಅಚ್ಚು ಇನ್ನೂ ಕಾಣುತ್ತಿತ್ತು.

ಆಗ ನಮ್ಮ ಅಡುಗೆಮನೆ ನೆನಪಾಯಿತು. ರೇಡಿಯೊದಲ್ಲಿ ಅವನು ಆಡಿದ ಮಾತನ್ನೇ ಅಪ್ಪನೂ ಆಡಿದ್ದ, ನಿನ್ನ ಎದುರಿಗೇ. ನೀನು ನನ್ನತ್ತ ನೋಡಿದೆ. ನಾನು ನಿನ್ನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಬಡಿಸಿದೆ.