ನಾಲ್ಕನೆಯ ಹಾಡಿನ ಗಂಟಲು

ಫೆಬ್ರವರಿ 3, ಮಂಗಳವಾರ

ಇವತ್ತೂ ಫೋನಲ್ಲಿ ಒಬ್ಬರು ನನ್ನ ಒಡಕು ದನಿ ಕೇಳಿ, ಗಂಡಸೆಂದುಕೊಂಡು "ಸಾರ್" ಅಂದರು. ಪಾರ್ಸೆಲ್ ಎಲ್ಲಿದೆ ಎಂದು ಕೇಳಿದ್ದು. ಹೇಳಿದೆ, ಇಟ್ಟೆ. ಪಕ್ಕದ ಟೇಬಲ್ಲಿನವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಆಫೀಸಿನ ಬಾತ್‌ರೂಮಿನಲ್ಲಿ ಬಾಯಿ ಅಗಲಿಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಕೆಂಪಗಿದೆ. ಎಲ್ಲರದ್ದೂ ಕೆಂಪಗೇ ಇರುತ್ತದೆ... ಅದಕ್ಕಿಂತ ಒಳಗೆ ಕಾಣುವುದಿಲ್ಲ.

ಅಮ್ಮನಿಗೆ ಶೀತ ಎಂದಿದ್ದೇನೆ. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ನಾಲಿಗೆ ಸತ್ತುಹೋಗಿದೆ. ಅಪ್ಪನ ಎದುರು ಬಾಯಿಗೆ ಬೀಗ.

ಫೆಬ್ರವರಿ 6, ಶುಕ್ರವಾರ

ರೆಕಾರ್ಡಿಂಗಿಗೆ ಮತ್ತೆ ಹಾಸಿಗೆ ಗೋಡೌನು. ನಮ್ಮ ಡ್ರಮ್ಮರ್ ಡಬ್ಬನ ಸೋದರಮಾವನದು. ಸುತ್ತ ಹಾಸಿಗೆ ನಿಲ್ಲಿಸಿ ಕೋಣೆ ಮಾಡಿದ್ದಾನೆ — ಸದ್ದು ಹೊರಗೆ ಹೋಗದು, ಗಾಳಿ ಒಳಗೆ ಬರದು. ಸೋಮವಾರ ಹೊಸ ಮಾಲು ಬಂದರೆ ಜಾಗ ಇಲ್ಲ. ಮೂರು ಹಾಡು ಹೋದ ತಿಂಗಳೇ ಆಗಿವೆ. ನಾಲ್ಕನೆಯದು ಮುಗಿದರೆ ನಮ್ಮ ಬ್ಯಾಂಡಿನ ಮೊದಲ ಡೆಮೊ ರೆಡಿ. ಡೆತ್ ಮೆಟಲ್ ಎಂಬ ಈ ಅಬ್ಬರದ ಸಂಗೀತದಲ್ಲಿ ಹಾಡುವುದು ಅಂತಿಲ್ಲ, ಗುಡುಗುವುದು. ಅದು ನನ್ನ ಕೆಲಸ.

ಇವತ್ತು ಗುಡುಗು ಅರ್ಧಕ್ಕೇ ಒಡೆಯಿತು. ಒಳಗಿಂದ ಬೇರೇನೋ ಬಂತು, ಹಳೇ ಬಟ್ಟೆ ಹರಿದ ಹಾಗೆ. ನಿಲ್ಲಿಸಲು ಕೈ ಎತ್ತಿದೆ. ಗಿಟಾರ್ ಬಾರಿಸುವ ಕಡ್ಡಿ ಹೆಡ್‌ಫೋನ್ ಕಿತ್ತೆಸೆದ.

"ಏ, ನಿಲ್ಲಿಸ್ಬೇಡ! ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಗಂಟಲ್ನ?"

"ಸತ್ತೋನು ಎದ್ದು ಬಂದು ಕೂಗ್ದಂಗಿದೆ," ಅಂದ ಡಬ್ಬ.

ಇಬ್ಬರೂ ಕುಣಿದಾಡಿದರು. ಆ ಸದ್ದು ನಾನು ಮಾಡಿದ್ದಲ್ಲ, ತಾನಾಗಿ ಬಂದದ್ದು. ಅಪ್ಪನಿಗೂ ಹೀಗೇ ಶುರುವಾದದ್ದು.

ಫೆಬ್ರವರಿ 7, ಶನಿವಾರ

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಹಿಂಬಾಗಿಲಲ್ಲಿ ಕೂಗಿದರೆ ಡ್ರೈವರ್ ಬೆಚ್ಚಿ ಬ್ರೇಕ್ ಒತ್ತುತ್ತಿದ್ದ. ಗಂಟಲು ಒಡೆದಾಗ ಮೊದಲು ಧೂಳು ಎಂದ, ಆಮೇಲೆ ಶೀತ ಎಂದ. ಡಾಕ್ಟರಿಗೆ ತೋರಿಸುವಷ್ಟರಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಟಾರ್ಚಿನಂಥ ಮೆಷಿನ್ನು ಕತ್ತಿಗೆ ಒತ್ತಿಕೊಂಡು ಮಾತಾಡುತ್ತಾನೆ. ಗುಂಯ್ ಎನ್ನುವ ಒಂದೇ ಸ್ವರ. ಬೈದರೂ ಅದೇ, ಮುದ್ದು ಮಾಡಿದರೂ ಅದೇ. ಬ್ಯಾಂಡಿನ ಸುದ್ದಿ ಅವನಿಗೆ ಹೇಳಿಲ್ಲ. ತನ್ನನ್ನು ಅಣಕಿಸುತ್ತಿದ್ದಾಳೆ ಅಂದುಕೊಂಡರೆ?

ಶೀತ. ನಾನೂ ಅದನ್ನೇ ಹೇಳಿದ್ದು.

ಡಬ್ಬನ ಹತ್ತಿರ ಮಾತ್ರ ಬಾಯಿ ಬಿಟ್ಟೆ. "ನಿನ್ ವಯಸ್ಸಿಗೆ ಅದೆಲ್ಲ ಬರಲ್ಲ, ಹೋಗೆ. ಸೋಮವಾರ ಆದ್ಮೇಲೆ ತೋರ್ಸು. ಈಗ್ಲೇ ಔಷಧಿ ತಗೊಂಡು ಗಂಟಲು ಸರಿಹೋಗ್ಬಿಟ್ರೆ?"

ತಮಾಷೆಗೆ ಅಂದ. ಅರ್ಧ ತಮಾಷೆಗೆ.

ಫೆಬ್ರವರಿ 8, ಭಾನುವಾರ

ನಾಲ್ಕನೇ ಹಾಡು ಮುಗಿಯಿತು. ಉಗುಳಿದರೆ ಕೆಂಪು ಎಳೆ. ಯಾರೂ ನೋಡಲಿಲ್ಲ, ಚಪ್ಪಲಿಯಿಂದ ತಿಕ್ಕಿಬಿಟ್ಟೆ. ಹೆದರಿಕೆ. ತುಂಬಾ ಹೆದರಿಕೆ.

ಫೆಬ್ರವರಿ 17, ಮಂಗಳವಾರ

ಡಾಕ್ಟರ್ ಹತ್ತಿರ ಹೋಗಿಲ್ಲ. ನಾಳೆ ನಾಳೆ ಅಂತ ಇಷ್ಟು ದಿನ ತಳ್ಳಿದೆ. ಬರೆಯಲೂ ಧೈರ್ಯವಿರಲಿಲ್ಲ.

ಸಂಜೆ ಮೆಟ್ಟಿಲು ಹತ್ತುವಾಗಲೇ ಕೇಳಿಸಿತು — ನಮ್ಮ ಮನೆಯೊಳಗಿಂದ, ನನ್ನದೇ ಗಂಟಲು. ಕಡ್ಡಿ ಮಹಾಶಯ ಮಧ್ಯಾಹ್ನ ಬಂದು ಡೆಮೊ ಇರುವ ಪೆನ್‌ಡ್ರೈವನ್ನು ಅಪ್ಪನ ಕೈಗೇ ಕೊಟ್ಟು ಹೋಗಿದ್ದಾನೆ. ಅಪ್ಪ ಅದನ್ನು ಟೀವಿಗೆ ಚುಚ್ಚಿಕೊಂಡು ಕೂತಿದ್ದ. ರಿಮೋಟ್ ಒತ್ತಿ ಹಿಂದಕ್ಕೆ ಓಡಿಸುತ್ತಾನೆ, ಕೇಳುತ್ತಾನೆ, ಮತ್ತೆ ಹಿಂದಕ್ಕೆ. ಅಮ್ಮ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡಿದ್ದಳು.

"ಅಪ್ಪಾ, ಅದು ನಿನ್ನನ್ನ ಅಣಕಿಸಿದ್ದಲ್ಲ..."

ಕೈ ಅಡ್ಡ ಮಾಡಿದ. ಮೆಷಿನ್ನು ಕತ್ತಿಗೆ ಒತ್ತಿದ.

"ಮೊದಲ ಮೂರು ನೀನು ಬೇಕಂತ ಕೂಗಿದ್ದು. ಜೋರಾಗಿದೆ. ಈ ನಾಲ್ಕನೇದು ನೀನು ಕೂಗಿದ್ದಲ್ಲ." ಗುಂಯ್. ಅದೇ ಸ್ವರ. "ಎಷ್ಟು ದಿನ ಆಯ್ತು, ಪುಟ್ಟಿ?"

ಎಲ್ಲ ಹೇಳಿದೆ, ಕೆಂಪು ಎಳೆಯನ್ನೂ. "ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ," ಅಂದ. ಸ್ವರ ನಡುಗಲಿಲ್ಲ, ಅದಕ್ಕೆ ನಡುಗಲು ಬರುವುದಿಲ್ಲ.

ಫೆಬ್ರವರಿ 18, ಬುಧವಾರ, ಬೆಳಿಗ್ಗೆ 11

ಆಸ್ಪತ್ರೆ ಬೆಂಚು. ಮೊಬೈಲಲ್ಲೇ ಬರೆಯುತ್ತಿದ್ದೇನೆ. ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಡಾಕ್ಟರ್ ಸ್ಕ್ರೀನನ್ನೇ ನೋಡುತ್ತಾ "ಸ್ವಲ್ಪ ಹೊರಗೆ ಕೂತಿರಿ, ಕರೀತೀನಿ" ಅಂದರು. ಅಷ್ಟೇ.

ಡಬ್ಬನ ಮೆಸೇಜು: ನೆಟ್‌ಗೆ ಹಾಕಿದ ನಾಲ್ಕನೇ ಹಾಡಿಗೆ ಜನ ಹುಚ್ಚಾಗಿದ್ದಾರೆ, ಮುಂದಿನದಕ್ಕೂ ಅದೇ ಗಂಟಲು ಬೇಕಂತೆ. ಓದಿ ಖುಷಿಯಾಯಿತು. ಆ ಖುಷಿ ಕಂಡೇ ಇನ್ನಷ್ಟು ಭಯವಾಯಿತು.

"ಒಳಗೆ ಏನೇ ಅಂದ್ರೂ ನೀನು ಮಾತಾಡ್ಬೇಡ, ಗಂಟಲಿಗೆ ರೆಸ್ಟ್ ಕೊಡು," ಅಂದ ಅಪ್ಪ. "ನಾನು ಮಾತಾಡ್ತೀನಿ."

ನರ್ಸ್ ಬಾಗಿಲಿಗೆ ಬಂದಳು. ನಮ್ಮನ್ನೇ ಕರೆಯುತ್ತಿದ್ದಾಳೆ. ಅಪ್ಪ ನನಗಿಂತ ಮೊದಲೇ ಎದ್ದು ಹೊರಟೇಬಿಟ್ಟ. ಗಡಿಬಿಡಿಯಲ್ಲಿ ಮೆಷಿನ್ನು ಇಲ್ಲೇ ಬಿಟ್ಟಿದ್ದಾನೆ, ಬೆಂಚಿನ ಮೇಲೆ. ಕೂಗಿ ಕರೆಯಬೇಕು. ಬಾಯಿ ತೆರೆದರೆ ಬರುವುದು ಅದೇ ನಾಲ್ಕನೇ ಹಾಡಿನ ಗಂಟಲು.