ಪಕ್ಕದ ಹಾಸಿಗೆಯ ಅದ್ನಾನ್

ಚನ್ನಪಟ್ಟಣ ತಾಲ್ಲೂಕು
೯-೯-೨೦೨೫

ಪ್ರೀತಿಯ ಗುಲ್ಜಾರಮ್ಮನಿಗೆ,

ಮಾಗಡಿಯ ಭಾನುಪ್ರಿಯ ಮಾಡುವ ನಮಸ್ಕಾರ. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಮ್ಮ ಅದ್ನಾನನ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗಿ. ನಿಮಗೆ ನನ್ನ ಗುರುತು ಹೇಳಿಕೊಳ್ಳುವ ಹಾಗಾಯಿತಲ್ಲ, ಅದೇ ನಾಚಿಕೆ. ಐದು ವರ್ಷದಿಂದ ಒಂದು ಫೋನೂ ಮಾಡಲಿಲ್ಲ. ತಪ್ಪಾಯಿತು. ನಿಮ್ಮ ಮೊಣಕಾಲು ನೋವು ಹೇಗಿದೆ? ನಿಯಾಜ್ ಚಾಚಾ ಈಗಲೂ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆಯೇ? ಈ ಕಾಗದವನ್ನು ಮಗಳು ಆಯಿಷಾ ನಿಮಗೆ ಓದಿ ಹೇಳುತ್ತಾಳೆ ಅಂದುಕೊಂಡಿದ್ದೇನೆ. ಆಯಿಷಾ, ಏನನ್ನೂ ಬಿಟ್ಟು ಓದಬೇಡ.

ನಾನೀಗ ಗಂಡನ ಊರಿನಲ್ಲಿ ಅಂಗನವಾಡಿ ಟೀಚರ್. ಏಳನೇ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂದಿತ್ತೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವಾಗ ಅಮ್ಮನಿಗೆ ಹುಷಾರಿಲ್ಲ ಎನ್ನುತ್ತಿದ್ದೆ. ಆಸ್ಪತ್ರೆಯ ಕಾರ್ಡನ್ನು ಅಂಗನವಾಡಿಯ ಹಾಜರಿ ಪುಸ್ತಕಗಳ ಕೆಳಗೆ ಇಡುತ್ತಿದ್ದೆ. ಸಣ್ಣ ಜ್ವರ ಬಂದರೂ ಎರಡು ಹೆದರಿಕೆ. ಮತ್ತೆ ಅದೇ ಬಂತೇ ಎಂಬುದೊಂದು, ಮನೆಯವರಿಗೆ ತಿಳಿದುಬಿಟ್ಟರೆ ಎಂಬುದೊಂದು.

ಜೂನ್ ತಿಂಗಳಲ್ಲಿ ನನ್ನ ಅಂಗನವಾಡಿಯ ಪುಟ್ಟಿಗೆ, ನಾಲ್ಕು ವರ್ಷದ ಮಗುವಿಗೆ, ಅದೇ ಕಾಯಿಲೆ ಎಂದು ಗೊತ್ತಾಯಿತು. ಅವಳ ಅಪ್ಪ ಕೆಂಪರಾಜು ನನ್ನ ಗಂಡ ದೇವರಾಜುವಿಗೆ ದಾಯಾದಿ, ತಾಯಿ ದಿವ್ಯ. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿಟ್ಟು, ಕೂದಲೆಲ್ಲ ಉದುರಿದ ಮೇಲೆ ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಮಗುವನ್ನು ಮನೆಗೆ ಕರೆತಂದುಬಿಟ್ಟರು. ನಾವೆಲ್ಲ ನೋಡಲು ಹೋದೆವು. ಪುಟ್ಟಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡು ಪದ್ಯ ಹೇಳಲು ಬಾಯಿ ತೆರೆದವಳು ಹುಣ್ಣಿನ ನೋವಿಗೆ ಸುಮ್ಮನಾದಳು.

ನಮ್ಮ ಮಾವ ನರಸಯ್ಯನವರು, “ಸಾಕು ಕಣ್ಲಾ ಕೆಂಪ. ಆ ಕಾಯ್ಲೆ ಬಂದೋರು ಯಾರು ಉಳ್ಕಂಡವ್ರೆ? ಮಗೀಗೆ ಇನ್ನೂ ಯಾಕೆ ಸೂಜಿ ಚುಚ್ಚುಸ್ತೀಯ? ಮನೇಲೇ ನೆಮ್ಮದಿಯಾಗಿರ್ಲಿ,” ಅಂದರು. ಕೆಂಪರಾಜು ತಲೆ ತಗ್ಗಿಸಿದ.

ನಾನು ಎದ್ದು ಅಂಗನವಾಡಿಗೆ ಹೋದೆ. ಬೀಗ ತೆಗೆದು ಹಾಜರಿ ಪುಸ್ತಕಗಳನ್ನು ಎತ್ತಿದೆ. ಕಾರ್ಡು ತಂದು ಕೆಂಪರಾಜುವಿನ ಕೈಯಲ್ಲಿಟ್ಟೆ. “ಓದಿ ನೋಡಿ. ನನ್ನ ಹೆಸ್ರೇ ಐತೆ. ನಂಗೂ ಇದೇ ಬಂದಿತ್ತು. ನಾನು ಉಳ್ಕಂಡಿದೀನಿ.”

ಗಂಡನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಗ ದಿವ್ಯ ಕೇಳಿದಳು: “ನೀವೊಬ್ರೇನಾ ಅಕ್ಕ? ನಿಮ್ಮ ಪಕ್ಕದ ಬೆಡ್‌ನಾಗಿದ್ದ ಮಕ್ಳು?”

ಗುಲ್ಜಾರಮ್ಮ, ಅದ್ನಾನ್ ಕಣ್ಮುಚ್ಚಿದ ಬೆಳಿಗ್ಗೆ, ಅವನ ಹಾಸಿಗೆ ಸುತ್ತುವ ಮೊದಲು ನೀವು ನನಗೆ ಗಂಜಿ ಕುಡಿಸಿದ್ದು ನಾನು ಮರೆತಿಲ್ಲ. ಆದರೂ ಹೇಳಿದೆ: “ಅದ್ನಾನ್ ಅಂತ ಒಬ್ಬ ಹುಡ್ಗ ಇದ್ದ. ರಾಮನಗರ್ದಲ್ಲವ್ನೆ. ಅವ್ರಪ್ಪನ ಜೊತೆ ರೇಷ್ಮೆ ನೂಲು ತೆಗೀತಾನೆ. ಚೆನ್ನಾಗವ್ನೆ.”

ಮರುದಿನ ಮೊದಲ ಬಸ್ಸಿಗೇ ಅವರು ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆ. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಅಂಟುವ ಕಾಯಿಲೆಯಲ್ಲ ಅಂದೆ. “ಅದ್ನ ನಿಮ್ಮವ್ವ ಮದುವೆಗೆ ಮುಂಚೆ ಯೋಳ್ಬೇಕಿತ್ತು,” ಅಂದರು. ದೇವರಾಜು ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಬಂದು, ಉಂಡು, ಎದ್ದುಹೋಗುತ್ತಿದ್ದರು. ಹತ್ತನೆಯ ದಿನ ಕೇಳಿದರು: “ನಂಗಾದ್ರೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮಾಡ್ಕತಿದ್ರಾ?”

ಮಾಡಿಕೊಳ್ಳುತ್ತಿದ್ದೆ ಎಂದು ಅವರು ಸುಳ್ಳಾಡಲಿಲ್ಲ. ಕಳೆದ ವಾರ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, “ತಪಾಸಣೆ ಯಾವತ್ತು? ರಜ ಹಾಕ್ಬೇಕು,” ಅಂದರು. ಅಷ್ಟೇ. ಅಡುಗೆಮನೆಯಲ್ಲಿ ನನ್ನ ತಟ್ಟೆ ಇನ್ನೂ ಬೇರೆಯೇ ಇದೆ.

ಮೊನ್ನೆ ದಿವ್ಯ ಬಂದಿದ್ದಳು. ಪುಟ್ಟಿಗೆ ಔಷಧಿ ಹಿಡಿಸುತ್ತಿದೆ ಎಂದು ಡಾಕ್ಟರು ಹೇಳಿದ್ದಾರಂತೆ, ಇನ್ನೂ ಎರಡು ವರ್ಷ ಬಿಡದೆ ನಡೆಯಬೇಕಂತೆ. “ಅಕ್ಕ, ಒಂದು ಭಾನ್ವಾರ ರಾಮನಗರಕ್ಕೆ ಹೋಗಿ ಆ ಅದ್ನಾನ್‌ನ ನೋಡ್ಕಂಡು ಬರೋಣ. ನೋಡುದ್ರೆ ಒಸಿ ಧೈರ್ಯ ಬತ್ತದೆ,” ಅಂದಳು.

ಅವನು ಊರಲ್ಲಿಲ್ಲ ಎಂಬ ಇನ್ನೊಂದು ಸುಳ್ಳು ಬಾಯಿಗೆ ಬಂತು. ನುಂಗಿಕೊಂಡು ನಿಜ ಹೇಳಿದೆ. ಎದ್ದು ಹೋಗುತ್ತಾಳೆ, ಮಗುವನ್ನು ಮತ್ತೆ ಮನೆಯಲ್ಲಿ ಕೂರಿಸುತ್ತಾಳೆ ಎಂದೇ ತಿಳಿದೆ. ಅವಳು ಸೆರಗಿನ ಅಂಚು ಸುತ್ತುತ್ತಾ, “ಅವತ್ತೇ ಅನುಮಾನ ಬಂದಿತ್ತಕ್ಕ. ಅವ್ನ ಹೆಸ್ರು ಹೇಳುವಾಗ ನೀವು ಕಾರ್ಡನ್ನೇ ನೋಡ್ತಿದ್ರಿ. ಆದ್ರೆ ನಂಗೆ ನಂಬಲೇಬೇಕಿತ್ತು, ನಂಬ್ಕಂಡೆ,” ಅಂದಳು. ಬಾಗಿಲವರೆಗೆ ಹೋಗಿ ನಿಂತು, “ಅವ್ನ ತಾಯಿ ಇದ್ದಾರಾ? ಅವ್ರನ್ನಾದ್ರೂ ನೋಡ್ಬೇಕು ಕಣಕ್ಕ,” ಎಂದು ಕೇಳಿದಳು.

ಅದಕ್ಕೇ ಈ ಕಾಗದ. ನಿಮ್ಮನ್ನು ಕೇಳದೆ ನಿಮ್ಮ ಮಗನನ್ನು ಬದುಕಿಸಿದೆ, ಕೇಳದೆಯೇ ಮತ್ತೆ ಕಳೆದೆ. ನೀವು ಬೈದರೆ ಬೈಸಿಕೊಳ್ಳುತ್ತೇನೆ. ದಿವ್ಯಳನ್ನು ಮಾತ್ರ ಬರಬೇಡ ಅನ್ನಬೇಡಿ. ಪುಟ್ಟಿಯ ಮೇಲೆ ನಿಮ್ಮ ದುವಾ ಇರಲಿ. ಚಾಚಾಗೆ ನಮಸ್ಕಾರ ತಿಳಿಸಿ, ಆಯಿಷಾಳಿಗೆ ಒಳ್ಳೆಯದಾಗಲಿ.

ನಿಮ್ಮ ಕೈಯ ಗಂಜಿ ಉಂಡವಳು,
ಭಾನು

ತಾ.ಕ.: ನನ್ನ ಮದುವೆ ಕೆಂಗಲ್‌ನಲ್ಲಿ, ನಿಮ್ಮ ಮನೆಗೆ ಅಷ್ಟು ಹತ್ತಿರದಲ್ಲಿ ಆಯಿತು. ಆಮೇಲೆ ಬಸ್ ನಿಲ್ದಾಣದಲ್ಲಿ ನಿಮಗೆ ಸಿಕ್ಕ ನನ್ನ ಅಮ್ಮ, ಕೊರೊನಾ ಕಾಲ, ಐವತ್ತೇ ಜನಕ್ಕೆ ಅನುಮತಿಯಿತ್ತು ಎಂದು ನಿಮ್ಮಲ್ಲಿ ಹೇಳಿದಳಂತೆ. ಆ ಐವತ್ತರ ಪಟ್ಟಿಯಲ್ಲಿ ಅವಳು ಮೊದಲು ಬರೆದದ್ದು ನಿಮ್ಮ ಹೆಸರನ್ನೇ. ಗಂಡಿನ ಕಡೆಯವರು ‘ಇವರು ನಿಮಗೆ ಹೇಗೆ ಪರಿಚಯ’ ಎಂದು ಕೇಳಿಬಿಟ್ಟರೆ ಎಂದು ಹೆದರಿ ಅದನ್ನು ಹೊಡೆದುಹಾಕಿದವಳು ನಾನು.