ಮೊದಲ ಲಾಟು

ಬನಶಂಕರಿ ಎರಡನೇ ಹಂತ, ಬೆಂಗಳೂರು
ಭಾನುವಾರ, 8 ಫೆಬ್ರವರಿ 2026

ಪ್ರೀತಿಯ ಅಕ್ಕ,

ನಮ್ಮ 'ಚೌಕ' ಗೆದ್ದುಬಿಟ್ಟಿತು! ನಮ್ಮ ಯಜಮಾನರು ಕೈಲಾಸ್ ತಯಾರಿಸಿರುವ ಆ ಅಂಗೈಯಗಲದ ಗೇಮ್ ಯಂತ್ರವನ್ನು ಬೇಸಿಗೆ ರಜೆಗೆ ಮೊದಲೇ ಊರಿನ ಅಂಗಡಿಗಳಿಗೆಲ್ಲ ಹಾಕಲು ಡೀಲರ್ ಅನಂತರಾಮು ಒಪ್ಪಿದ್ದಾರೆ. ಮದುವೆಯಾದ ಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲವೆಂದು ನಿನಗೆ ಕೋಪ, ಗೊತ್ತು. ಬೈಯಬೇಡ. ಹೊಸ ಮನೆ, ಹೊಸ ಮಾವ, ಹೊಸ ಗಂಡ, ಎಲ್ಲರನ್ನೂ ಒಟ್ಟಿಗೇ ಪ್ರೀತಿಸುವುದರಲ್ಲಿ ಪುರಸೊತ್ತೇ ಸಿಗಲಿಲ್ಲ!

ಅನಂತರಾಮು ನಿನ್ನೆ ಮನೆಗೇ ಬಂದಿದ್ದರು. ಚೌಕದಲ್ಲಿ ಚೌಕಾಬಾರ ಆಡುತ್ತ ಕೂತವರು ಉಪ್ಪಿಟ್ಟು ಮುಟ್ಟಲಿಲ್ಲ. "ಮೊಮ್ಮಕ್ಕಳ ಹೆಸರು ಹೇಳ್ಕೊಂಡು ತಾತಂದಿರೇ ತಗೋತಾರೆ ನೋಡ್ತಿರಿ! ಇಂಟರ್‌ನೆಟ್ ಇಲ್ಲ, ಹಾಳುಮೂಳು ಇಲ್ಲ. ಅಪ್ಪ ಅಮ್ಮಂದಿರು ಕಣ್ಮುಚ್ಚಿ ಕೊಡಿಸ್ತಾರೆ" ಎಂದರು. ಹೊರಡುವಾಗ ಮಾತ್ರ ಅಂಗೈ ಉಜ್ಜಿಕೊಳ್ಳುತ್ತ, "ಸ್ವಲ್ಪ ಜಾಸ್ತೀನೇ ಬಿಸಿ ಆಗುತ್ತಲ್ಲಪ್ಪ?" ಎಂದರು.

"ಇದು ಮೊದಲ್ನೇ ಲಾಟಿನ ಪೀಸು ಸಾರ್. ಹೊಸದರಲ್ಲಿ ಬ್ಯಾಟರಿನೇ ಬದಲಾಯಿಸಿದೀವಿ" ಎಂದು ಕೈಲಾಸ್ ನಕ್ಕರು. ಅವರು ನಕ್ಕರೆ ಎಷ್ಟು ಚೆಂದ ಅಕ್ಕ!

ನಗದಿದ್ದವರು ಮಾವ ಒಬ್ಬರೇ. ಡೀಲರ್ ಹೋದ ಕೂಡಲೇ ಒರೆಸುವ ಬಟ್ಟೆಯಲ್ಲಿ ಆ ಚೌಕವನ್ನು ಹಿಡಿದು ಹಿತ್ತಲಿಗೆ ಒಯ್ದು, ಮರಳಿನ ಬಕೆಟ್ಟಿನಲ್ಲಿ ಹೂತರು. ಅಲ್ಲಿ ಆಗಲೇ ಇನ್ನಷ್ಟು ಚೌಕಗಳು ಪೂರಿಯ ಹಾಗೆ ಉಬ್ಬಿಕೊಂಡು ಬಿದ್ದಿದ್ದವು. "ಇದ್ಯಾಕೆ ಮಾವ?" ಎಂದೆ. "ನೀನು ಒಳಗೆ ನಡಿಯಮ್ಮ" ಎಂದರು. ವಯಸ್ಸಾದವರ ಭಯ, ಅಷ್ಟೇ ಇರಬೇಕು.

ಮದುವೆಯಲ್ಲಿ ತಾಂಬೂಲದ ಚೀಲದ ಜೊತೆ ಮಕ್ಕಳಿಗೆಲ್ಲ ಒಂದೊಂದು ಚೌಕ ಕೊಟ್ಟೆವಲ್ಲ, ನೆಂಟರು ಇನ್ನೂ ಅದನ್ನೇ ಹೊಗಳುತ್ತಾರೆ. ನಿನ್ನ ಸಂಹಿತಾ ಕುಣಿದ ಕುಣಿತ! ಈಗಲೂ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾಳಾ?

ಭಾವನಿಗೆ ನಮಸ್ಕಾರ. ನನ್ನ ಬಂಗಾರಿ ಸಂಹಿತಾ ಸುಖವಾಗಿರಲಿ, ಅವಳ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ನಿನ್ನ
ಶ್ರೀದೇವಿ

ಮರೆತ ಮಾತಲ್ಲ ಅಕ್ಕ, ಮಂಗಳವಾರ ಸೇರಿಸುತ್ತಿರುವುದು: ಕಾಗದ ಅಂಚೆಗೆ ಹಾಕುವ ಮೊದಲೇ ವಸಂತಪುರದ ರಾಜಶ್ರೀ ಆಂಟಿ ಫೋನ್ ಮಾಡಿದರು. ಮದುವೆಯಲ್ಲಿ ಕೊಟ್ಟ ಚೌಕ ಚಾರ್ಜಿಗೆ ಹಾಕಿದ್ದಾಗ ಹೊತ್ತಿಕೊಂಡು ಅವರ ಮೊಮ್ಮಗಳ ಕೈ ಸುಟ್ಟಿದೆ. ಕೈಲಾಸ್‌ರನ್ನು ಕೇಳಿದೆ. "ಆ ಲಾಟು ಮಾರೋ ಹಾಗಿರಲಿಲ್ಲ ಶ್ರೀ. ಎಸೆಯೋಕೆ ಮನಸ್ಸು ಬರಲಿಲ್ಲ. ನೆಂಟರಿಗೆ ಕೊಟ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೂ ಯಾರೂ ಕಂಪ್ಲೇಂಟ್ ಮಾಡಲ್ಲ ಅಂದ್ಕೊಂಡೆ" ಎಂದರು. ಮಾಲು ಅಂಗಡಿ ಸೇರುವ ತನಕ ಬಾಯಿ ಬಿಡಬಾರದಂತೆ. ಬಿಟ್ಟರೆ ಈ ಮನೆಯಲ್ಲಿ ನನಗೆ ಜಾಗವಿಲ್ಲವಂತೆ.

ಅವರ ಎದುರಿಗೇ ಕೂತು ಒಂದೊಂದೇ ಮನೆಗೆ ಫೋನ್ ಮಾಡಿದೆ. ಮೊದಲು ಮಾಡಿದ್ದು ನಿನಗೆ. "ಚಾರ್ಜಿಗೆ ಹಾಕಬೇಡ, ಈಗಲೇ ಮನೆಯಿಂದಾಚೆ ಇಡು" ಎಂದಷ್ಟೇ ಹೇಳಿ ಇಟ್ಟೆನಲ್ಲ, "ಯಾಕೇ?" ಎಂದು ನೀನು ಕೇಳಿದ್ದಕ್ಕೆ ಇದು ಉತ್ತರ. ಆ ಮಕ್ಕಳಿಗೆಲ್ಲ ನಾನೇ ನನ್ನ ಕೈಯಾರೆ ಕೊಟ್ಟೆ ಅಕ್ಕ, ಮದುಮಗಳ ಕೈಯಿಂದ ಕೊಟ್ಟರೆ ಚೆಂದ ಎಂದು ಅವರೇ ಹೇಳಿದ್ದರು.

ದಾವಣಗೆರೆ ಸ್ಟೇಷನ್ನಿಗೆ ಭಾವನನ್ನು ಕಳಿಸು. ಒಬ್ಬಳೇ ಬರುತ್ತಿದ್ದೇನೆ, ಶುಕ್ರವಾರ ಬೆಳಗಿನ ಜನಶತಾಬ್ದಿಗೆ.